ಎರಡಂಗುಲ ಸಾಲದ ಹಗ್ಗ

ಭಾಗವತದ ದಶಮಸ್ಕಂಧದಲ್ಲಿ ಯಶೋದೆ ಮಗನನ್ನು ಒರಳಿಗೆ ಕಟ್ಟಲು ಹೋಗುತ್ತಾಳೆ. ಹಗ್ಗ ಎರಡಂಗುಲ ಸಾಲದು. ಇನ್ನೊಂದು ತಂದು ಗಂಟು ಹಾಕುತ್ತಾಳೆ, ಮತ್ತೆ ಎರಡಂಗುಲ ಸಾಲದು. ಮನೆಯಲ್ಲಿದ್ದ ಹಗ್ಗವೆಲ್ಲ ಬಂದರೂ ಅದೇ ಎರಡಂಗುಲ. ನೋಡುತ್ತಿದ್ದ ಗೋಪಿಯರು ನಗುತ್ತಾರೆ, ಅವಳಿಗೂ ನಗು ಬರುತ್ತದೆ. ಮೈಯೆಲ್ಲ ಬೆವರಿ, ಮುಡಿದ ಹೂವು ಜಾರಿದಾಗ, ಅಮ್ಮನ ದಣಿವು ನೋಡಲಾರದೆ ಕೃಷ್ಣ ತಾನಾಗಿ ಕಟ್ಟಿಸಿಕೊಳ್ಳುತ್ತಾನೆ. ಒಂದಂಗುಲ ಭಕ್ತರ ಪ್ರಯತ್ನ, ಒಂದಂಗುಲ ಭಗವಂತನ ಕೃಪೆ ಎಂದು ಹಿರಿಯರು ಅರ್ಥ ಹೇಳುತ್ತಾರೆ.

ಎರಡು-ಮೂರು ವರ್ಷದ ಮಗುವನ್ನು ಮಗ್ಗುಲಲ್ಲಿ ಕೂರಿಸಿಕೊಂಡು ಗೋಕುಲಾಷ್ಟಮಿ ಮಾಡುವ ಮನೆಯಲ್ಲಿ ಈ ಎರಡಂಗುಲ ಬೆಳಿಗ್ಗೆಯಿಂದ ರಾತ್ರಿವರೆಗೂ ಕಾಣುತ್ತಲೇ ಇರುತ್ತದೆ. ಎಷ್ಟು ಹೊತ್ತು ಮೊದಲೇ ಶುರುಮಾಡಿದರೂ ಹೊತ್ತು ಸಾಲದು. ಅದನ್ನು ತೊಂದರೆ ಅಂದುಕೊಂಡರೆ ಹಬ್ಬವೆಲ್ಲ ಗದರಿಕೆಯಲ್ಲೇ ಮುಗಿಯುತ್ತದೆ.

ಹಾಸನದ ಕಡೆ ಶ್ರಾವಣ ಬಹುಳ ಅಷ್ಟಮಿಯಂದು ಮಾಡುವವರು ಹೆಚ್ಚು. ಶ್ರೀವೈಷ್ಣವರ ಮನೆಗಳಲ್ಲಿ ಸಿಂಹಮಾಸ, ರೋಹಿಣಿ ನಕ್ಷತ್ರ ನೋಡಿ ಶ್ರೀಜಯಂತಿ ಮಾಡುವುದರಿಂದ ದಿನ ಹಿಂದೆಮುಂದೆ ಆಗುವುದುಂಟು. ದಿನ ಯಾವುದಾದರೂ ಮಗುವಿನ ಕೈಗೆ ಕೊಡುವ ಕೆಲಸ ಒಂದೇ. ಈಗೀಗ ಮಗುವಿಗೆ ಕಿರೀಟ ತೊಡಿಸಿ, ನೀಲಿ ಬಣ್ಣ ಬಳಿದು, ಫೋಟೋಗೆ ನಿಲ್ಲಿಸುವುದರಲ್ಲೇ ಅರ್ಧ ದಿನ ಹೋಗುತ್ತದೆ. ಕಿರೀಟದ ಎಲಾಸ್ಟಿಕ್ ಗದ್ದಕ್ಕೆ ಒತ್ತುತ್ತದೆ, ಬಣ್ಣ ಎಳೆಯ ಚರ್ಮಕ್ಕೆ ತುರಿಕೆ ತರುತ್ತದೆ, ಮಗು ಅಳುತ್ತದೆ. ಕಿವಿಯ ಹಿಂದೆ ಒಂದು ನವಿಲುಗರಿ ಸಾಕು. ವೇಷಕ್ಕಿಂತ ಕೆಲಸ ಕೊಡಿ. ಆ ಕೆಲಸವೇ ಅದರ ಪೂಜೆ.

ಮೊದಲ ಕೆಲಸ ಹೆಜ್ಜೆ ಬರೆಯುವುದು. ಕಾಲು ಪಾವು ಅಕ್ಕಿಯನ್ನು ಎರಡು ಗಂಟೆ ನೆನೆಸಿ ನುಣ್ಣಗೆ ರುಬ್ಬಿಕೊಂಡರೆ ಸಾಮಾನ್ಯ ಮನೆಯ ಹೊಸ್ತಿಲಿನಿಂದ ದೇವರ ಮನೆವರೆಗೆ ಧಾರಾಳ. ಒಣ ಅಕ್ಕಿಹಿಟ್ಟನ್ನು ನೀರಿಗೆ ಕಲಸಿದರೆ ಹಿಟ್ಟು ತಳಕ್ಕೆ ಕೂರುತ್ತದೆ, ಒಣಗಿದ ಮೇಲೆ ಪುಡಿಪುಡಿಯಾಗಿ ಏಳುತ್ತದೆ. ನೆನೆಸಿ ರುಬ್ಬಿದ್ದು ನೆಲಕ್ಕೆ ಹಿಡಿಯುತ್ತದೆ. ಹದ ದೋಸೆಹಿಟ್ಟಿಗಿಂತ ಒಂಚೂರು ತೆಳ್ಳಗೆ. ನೀರಾದರೆ ಐದು ಬೆರಳೂ ಹರಿದು ಒಂದಾಗುತ್ತವೆ, ಗಟ್ಟಿಯಾದರೆ ಒಣಗಿ ಬಿರಿದು ಚಕ್ಕೆ ಏಳುತ್ತದೆ. ತಟ್ಟೆಯಲ್ಲಿ ನಾಲ್ಕು ಮಡಿಕೆ ಮಾಡಿದ ಹತ್ತಿಬಟ್ಟೆ ಇಟ್ಟು ಅದರ ಮೇಲೆ ಹಿಟ್ಟು ಸುರಿಯಿರಿ. ಬಟ್ಟೆ ಇಲ್ಲದಿದ್ದರೆ ಮಗುವಿನ ಕೈ ಮೊಣಕೈವರೆಗೂ ಮುಳುಗುತ್ತದೆ. ಬಿಳಿ ಟೈಲ್ಸ್ ನೆಲದಲ್ಲಿ ಬಿಳಿ ಹೆಜ್ಜೆ ಕಾಣುವುದಿಲ್ಲ, ಮೊದಲು ಕೆಮ್ಮಣ್ಣಿನ ಒಂದು ಪಟ್ಟಿ ಎಳೆದು ಒಣಗಿಸಿಕೊಳ್ಳಬೇಕು. ರೆಡ್‌ಆಕ್ಸೈಡ್ ನೆಲ ಇರುವ ಹಳೆ ಮನೆಯವರು ಪುಣ್ಯವಂತರು.

ಮುಷ್ಟಿ ಕಟ್ಟಿ, ಕಿರುಬೆರಳಿನ ಕಡೆಯ ಅಂಚನ್ನು ಹಿಟ್ಟಿಗೆ ಅದ್ದಿ ನೆಲಕ್ಕೆ ಒತ್ತಿದರೆ ಪಾದ ಮೂಡುತ್ತದೆ. ಎಡಮುಷ್ಟಿ ಎಡಪಾದ, ಬಲಮುಷ್ಟಿ ಬಲಪಾದ. ಆಮೇಲೆ ತುದಿಬೆರಳಿನಿಂದ ಐದು ಚುಕ್ಕೆ. ಹೆಬ್ಬೆರಳಿನ ಚುಕ್ಕೆ ಪಾದ ಒಳಕ್ಕೆ ಬಾಗಿದ ಕಡೆಗೇ ಬರಬೇಕು. ದೊಡ್ಡವರೂ ತಪ್ಪುವುದು ಇಲ್ಲೇ. ಹೆಬ್ಬೆರಳು ಹೊರಗಡೆ ಬಿದ್ದರೆ ಎಡಬಲ ಅದಲುಬದಲಾಗಿ ಕಾಣುತ್ತದೆ. ಹೆಜ್ಜೆಯಿಂದ ಹೆಜ್ಜೆಗೆ ಒಂದು ಗೇಣು ಇರಲಿ, ಬರುತ್ತಿರುವವನು ಪುಟ್ಟ ಹುಡುಗ.

ಇನ್ನು ದಿಕ್ಕು. ಹೊಸ್ತಿಲಿನಿಂದ ಶುರುಮಾಡಿ ಬಾಗಿಲಿಗೆ ಮುಖ ಮಾಡಿಕೊಂಡು ಹಿಂದೆ ಹಿಂದೆ ಸರಿದರೆ ಕೃಷ್ಣ ಮನೆಬಿಟ್ಟು ಹೊರಟಂತೆ ಆಗುತ್ತದೆ. ಹಸಿ ಹಿಟ್ಟು ತುಳಿಯದೆ, ದಿಕ್ಕೂ ಕೆಡದೆ ಮುಗಿಸುವ ಸುಲಭದ ದಾರಿ ಎಂದರೆ ದೇವರ ಮನೆಯಿಂದ ಆರಂಭಿಸಿ ದೇವರ ಕಡೆಗೇ ಮುಖ ಮಾಡಿ ಹೊಸ್ತಿಲವರೆಗೆ ಹಿಂದೆ ಸರಿಯುವುದು. ಮಗು ಮಾತ್ರ ಇದಕ್ಕೆ ಒಪ್ಪುವುದಿಲ್ಲ. "ಅವ್ನು ಬಾಗಿಲಿಂದ ಬರ್ತಾನೆ ಅಲ್ವಾ ಅಜ್ಜಿ?" ಎಂದು ಕೇಳುತ್ತದೆ. ಕೇಳಿದ್ದು ನ್ಯಾಯ. ಹೊಸ್ತಿಲಿನಿಂದಲೇ ಶುರುವಾಗಲಿ, ಹೆಜ್ಜೆಯ ಸಾಲಿನ ಪಕ್ಕಕ್ಕೆ ಕುಕ್ಕುರುಗಾಲಲ್ಲಿ ಕೂತು ಒಂದೊಂದಾಗಿ ಮುಂದೆ ಸಾಗಿ. ನಾಲ್ಕು ಹೆಜ್ಜೆಗೆ ಒಂದು ಕಡೆ ಪಾದದಲ್ಲಿ ಏಳು ಬೆರಳು ಬಂದಿರುತ್ತವೆ, ಇನ್ನೊಂದು ಕಡೆ ಇಡೀ ಅಂಗೈ ಒತ್ತಿರುತ್ತದೆ. ಅದನ್ನು ಒರೆಸಿ ತಿದ್ದಬಾರದು. ಪುಟ್ಟ ಬೆರಳೊಂದು ಹಿಟ್ಟಿಗೆ ಇಳಿದು, ಉಸಿರು ಬಿಗಿಹಿಡಿದು, ನೆಲ ಮುಟ್ಟುವ ಆ ಒಂದು ಗಳಿಗೆಯಲ್ಲಿ ಇರುವ ಏಕಾಗ್ರತೆ ದೊಡ್ಡವರ ಜಪದಲ್ಲಿ ಅಪರೂಪ. ಅದರ ಪಕ್ಕದಲ್ಲಿ ಸುಮ್ಮನೆ ಕೂತವರ ಮನಸ್ಸೂ ನಿಲ್ಲುತ್ತದೆ.

ನುಣುಪು ನೆಲದಲ್ಲಿ ಹಸಿ ಹಿಟ್ಟು ಜಾರುತ್ತದೆ, ಒಣಗುವವರೆಗೆ ಮಗುವನ್ನು ಓಡಲು ಬಿಡಬೇಡಿ. ಸಕಲೇಶಪುರ, ಮೂಡಿಗೆರೆ ಕಡೆಯ ಶ್ರಾವಣದ ಮಳೆಯಲ್ಲಿ ಒಣಗಲು ತುಂಬಾ ಹೊತ್ತು ಬೇಕು. ಮಧ್ಯಾಹ್ನಕ್ಕೇ ಬರೆದುಬಿಡುವುದು ಲೇಸು.

ಎರಡನೆಯದು ಬೆಣ್ಣೆ. ನಾಲ್ಕೈದು ದಿನದ ಕೆನೆಗೆ ಒಂದು ಚಮಚ ಮೊಸರು ಬೆರೆಸಿ ಹಿಂದಿನ ರಾತ್ರಿ ಹೊರಗಿಡಿ. ಬೆಳಿಗ್ಗೆ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಗೆ ಅರ್ಧ ಮಾತ್ರ ತುಂಬಿ ಮಗುವಿನ ಕೈಗೆ ಕೊಡಿ. ಪೂರ್ತಿ ತುಂಬಿದರೆ ಕುಲುಕಲು ಜಾಗವಿರದೆ ಬೆಣ್ಣೆ ಬರುವುದಿಲ್ಲ. ಮೊದಲು ಕುಳುಕುಳು ಸದ್ದು. ಆಮೇಲೆ ಕೆನೆ ಉಬ್ಬಿ ಸದ್ದೇ ನಿಂತುಹೋಗುತ್ತದೆ. ಮಗು ಬೇಜಾರಾಗಿ ಕೆಳಗಿಡುವುದು ಆಗಲೇ, ದೊಡ್ಡವರು ಕೈಗೂಡಿಸಬೇಕಾದದ್ದೂ ಆಗಲೇ. ಇನ್ನೂ ಸ್ವಲ್ಪ ಹೊತ್ತು ಕುಲುಕಿದರೆ ಒಳಗೇನೋ ದೊಪ್ ದೊಪ್ ಎಂದು ಬಡಿಯುತ್ತದೆ, ಮಗುವಿನ ಕಣ್ಣು ಅರಳುತ್ತದೆ. ಮಲೆನಾಡಿನ ಚಳಿಗೆ ಬೆಣ್ಣೆ ಕೂಡದಿದ್ದರೆ ಎರಡು ಚಮಚ ಉಗುರುಬೆಚ್ಚಗಿನ ನೀರು ಹಾಕಿ. ಬಿಸಿಯಾಗಿ ಮೆತ್ತಗೆ ಹರಡಿಕೊಂಡರೆ ತಣ್ಣೀರು. ತೊಳೆದ ಬೆಣ್ಣೆಯನ್ನು ನೈವೇದ್ಯಕ್ಕೆ ಇಡುವ ಮೊದಲೇ ಮಗು ಬೆರಳದ್ದಿ ನೆಕ್ಕಿರುತ್ತದೆ. ಎಂಜಲಾಯಿತು ಎಂದು ಕೈಮೇಲೆ ಹೊಡೆಯಬೇಡಿ. ನೈವೇದ್ಯದ ಪಾಲನ್ನು ಮೊದಲೇ ಬೇರೆ ಬಟ್ಟಲಿಗೆ ತೆಗೆದಿಟ್ಟರೆ ಮಡಿಯೂ ಉಳಿಯುತ್ತದೆ, ಮಗುವಿನ ಮನಸ್ಸೂ ಉಳಿಯುತ್ತದೆ.

ಚಕ್ಕುಲಿ, ಕೋಡುಬಳೆ ಹಿಂದಿನ ದಿನವೇ ಮಗು ಮಲಗಿದಾಗ ಕರಿದಿಡಿ. ಎಣ್ಣೆ ಬಾಣಲೆಯ ಹತ್ತಿರ ಮಗು ಇರಬಾರದು. ಚಿಕ್ಕ ಮಕ್ಕಳಿಗೆ ಕಡಲೆಕಾಯಿ ಬೀಜ, ಗಟ್ಟಿ ಕಲ್ಲುಸಕ್ಕರೆ ಗಂಟಲಿಗೆ ಸಿಕ್ಕುವ ಅಪಾಯವಿದೆ. ಅವರಿಗೆ ಹಾಲಲ್ಲಿ ನೆನೆದ ಬೆಲ್ಲದ ಅವಲಕ್ಕಿಯೇ ಪ್ರಸಾದ. ವರ್ಷ ತುಂಬದ ಕೂಸಿಗೆ ಜೇನು ಕೂಡದು, ಹಾಗಾಗಿ ಪಂಚಾಮೃತವನ್ನು ಬಾಯಿಗೆ ಹಾಕದೆ ತಲೆಗೆ ಪ್ರೋಕ್ಷಿಸಿ.

ಉಪವಾಸದ ವಿಷಯದಲ್ಲಿ ಒಂದು ಮಾತು ಬಿಚ್ಚಿ ಹೇಳಬೇಕು. ನಿರಾಹಾರವಿದ್ದು, ಆ ಹಸಿವಿನ ಸಿಟ್ಟು ಮಗುವಿನ ಮೇಲೆ ಬೀಳುವುದಾದರೆ ಹಾಲು-ಹಣ್ಣು ತೆಗೆದುಕೊಳ್ಳಿ. ಫಲಾಹಾರದ ಉಪವಾಸವೂ ಉಪವಾಸವೇ. ಬಾಲಕೃಷ್ಣನ ಹುಟ್ಟುಹಬ್ಬದ ದಿನ ಮನೆಯ ಬಾಲಕ ಅತ್ತುಕೊಂಡು ಮಲಗಿದರೆ ಆ ವ್ರತ ಯಾರಿಗೆ ಮುಟ್ಟೀತು?

ಬಹುಳ ಅಷ್ಟಮಿಯ ಚಂದ್ರ ಮೂಡುವುದು ಮಧ್ಯರಾತ್ರಿಯ ಹೊತ್ತಿಗೆ. ಅಲ್ಲಿಯವರೆಗೆ ಮಗು ಎಚ್ಚರವಿರುವುದಿಲ್ಲ, ಎಬ್ಬಿಸಲೂ ಬಾರದು. ತೊಟ್ಟಿಲ ಸೇವೆಯನ್ನು ದೀಪ ಹಚ್ಚುವ ಹೊತ್ತಿಗೇ ಮಾಡಿಬಿಡಿ. ದಾರವನ್ನು ತೊಟ್ಟಿಲ ಮೇಲಂಚಿಗೆ ಕಟ್ಟಿದರೆ ಮಗು ಎಳೆದ ರಭಸಕ್ಕೆ ಹಿತ್ತಾಳೆಯ ಕೃಷ್ಣ ಉರುಳುತ್ತಾನೆ. ತಳದ ಹತ್ತಿರ ಕಟ್ಟಿ. ಅರ್ಘ್ಯವನ್ನು ದೊಡ್ಡವರು ಆಮೇಲೆ ಕೊಡಲಿ. ಮೋಡ ಕವಿದಿದ್ದರೆ ಪೂರ್ವಕ್ಕೆ ತಿರುಗಿ ಶಂಖದಲ್ಲಿ ಹಾಲು-ನೀರು ಬಿಟ್ಟರಾಯಿತು.

ಮಾರನೆಯ ದಿನ ಆದರೆ ಹಳೇಬೀಡಿಗೆ ಕರೆದುಕೊಂಡು ಹೋಗಿ. ಹಾಸನದಿಂದ ಮೂವತ್ತು ಕಿಲೋಮೀಟರ್ ಚಿಲ್ಲರೆ. ಬೆಳಿಗ್ಗೆ ಹತ್ತರೊಳಗೆ ತಲುಪಿದರೆ ಒಳ್ಳೆಯದು, ಬಿಸಿಲೇರಿದರೆ ಕಲ್ಲು ಕಾದು ಬರಿಗಾಲು ಸುಡುತ್ತದೆ. ಹೊಯ್ಸಳೇಶ್ವರನ ಗೋಡೆಯ ಮೇಲೆ ಗೋವರ್ಧನ ಎತ್ತಿದ ಕೃಷ್ಣ ಇದ್ದಾನೆ. ದೊಡ್ಡವರು ಅಲ್ಲಿಗೇ ಎಳೆದುಕೊಂಡು ಹೋಗುವ ಆತುರ ಮಾಡಬಾರದು. ಗೋಡೆಯ ತೀರಾ ಕೆಳಗಿನ ಸಾಲು ಆನೆಗಳದ್ದು, ಸರಿಯಾಗಿ ಮಗುವಿನ ಕಣ್ಣಿನ ಎತ್ತರಕ್ಕಿದೆ. ಒಂದೊಂದು ಆನೆಗೂ ಅದು ನಿಲ್ಲುತ್ತದೆ, ಸೊಂಡಿಲು ನೋಡುತ್ತದೆ, ಹೆಸರಿಡುತ್ತದೆ. ಗೋವರ್ಧನದ ಹತ್ತಿರ ಬಂದಾಗ ಎತ್ತಿಕೊಂಡು ತೋರಿಸಿ. ಮೊದಲು ಅದರ ಕಣ್ಣಿಗೆ ಬೀಳುವುದು ಕೆಳಗೆ ನಿಂತ ಹಸುಗಳು. ಆಮೇಲೆ ಹುಡುಗ. ಅವನ ಕೈಮೇಲಿನ ಬೆಟ್ಟ ಕಾಣುವುದು ಕೊನೆಗೆ.