ಗುಜರಿ ಫ್ರಿಜ್ಜಿನಿಂದ ಅಣಬೆ ಡ್ರೈಯರ್

ಚಿಕ್ಕಬಳ್ಳಾಪುರದ ಸುತ್ತಮುತ್ತ ಚಿಪ್ಪಣಬೆಗೆ ಹೇಳಿ ಮಾಡಿಸಿದ ಕಾಲ ಚಳಿಗಾಲ. ಕೋಣೆಯ ಶಾಖ 20ರಿಂದ 28 ಡಿಗ್ರಿಯೊಳಗೆ ಹೆಚ್ಚು ಕಷ್ಟವಿಲ್ಲದೆ ನಿಲ್ಲುತ್ತದೆ, ಗೋಣಿತಾಟು ನೆನೆಸಿ ಇಳಿಬಿಡುವ ಕೆಲಸ ಕಡಿಮೆ, ಅಣಬೆ ಬೆಳೆಯುವ ಹುಲ್ಲಿನ ಬ್ಯಾಗುಗಳು ಒಂದರ ಹಿಂದೊಂದು ಮೊಗ್ಗೊಡೆಯುತ್ತವೆ. ಬಿಸಿಲು ಕೈಕೊಡುವುದೂ ಅದೇ ತಿಂಗಳುಗಳಲ್ಲಿ. ನಂದಿಬೆಟ್ಟದ ಬುಡದ ಊರುಗಳಲ್ಲಿ ಮಂಜು ಕರಗುವಷ್ಟರಲ್ಲಿ ಹೊತ್ತೇರಿರುತ್ತದೆ, ನಾಲ್ಕು ಗಂಟೆ ದಾಟಿದರೆ ಬಿಸಿಲಿಗೆ ಕಾವಿಲ್ಲ. ಮಾರ್ಚಿನಲ್ಲಿ ತಾರಸಿ ಮೇಲೆ ಹರಡಿದರೆ ಗರಿಗರಿಯಾಗುವ ಅಣಬೆ ಡಿಸೆಂಬರಿನಲ್ಲಿ ಹಳದಿಗೆ ತಿರುಗಿ ಹುಳಿವಾಸನೆ ಹೊಡೆಯುತ್ತದೆ. ಬೆಂಗಳೂರಿನ ಗಿರಾಕಿ "ಈ ವಾರ ಬೇಡ" ಅಂದುಬಿಟ್ಟರೆ ಉಳಿದ ಮಾಲನ್ನು ಫ್ರಿಜ್ಜಿನಲ್ಲಿ ನಾಲ್ಕೈದು ದಿನ ಇಡಬಹುದು, ಅಷ್ಟೇ. ಹಾಗಾಗಿ ಕರೆಂಟಿನ ಡ್ರೈಯರ್ ಒಂದನ್ನು ಮನೆಯಲ್ಲೇ ಕಟ್ಟಿದೆವು.

ಡ್ರೈಯರ್ ಅಂದ ಕೂಡಲೇ ಎಲ್ಲರೂ ಮೊದಲು ಕೇಳುವುದು ಹೀಟರ್ ಎಷ್ಟು ವ್ಯಾಟಿನದು ಎಂದು. ಕೇಳಬೇಕಾದದ್ದು ಗಾಳಿಯ ವಿಚಾರ. 20 ಡಿಗ್ರಿಯ, ಶೇ. 90 ತೇವಾಂಶದ ಮಂಜಿನ ಗಾಳಿಯನ್ನೇ ಒಳಗೆಳೆದು 50 ಡಿಗ್ರಿಗೆ ಕಾಯಿಸಿದರೆ ಅದರ ಸಾಪೇಕ್ಷ ತೇವಾಂಶ ಶೇ. 17ರ ಹತ್ತಿರಕ್ಕೆ ಇಳಿಯುತ್ತದೆ. ನೀರು ಹೀರುವುದು ಆ ಗಾಳಿ. ಅದು ಅಣಬೆಯ ಮೇಲೆ ಹಾದು ಹೊರಗೆ ಹೋಗಲೇಬೇಕು. ಹೋಗಲು ದಾರಿ ಕೊಡದೆ ಬರೀ ಕಾಯಿಸಿದರೆ ಅಣಬೆ ಬೇಯುತ್ತದೆ. ಅಣಬೆಯಲ್ಲಿ ನೂರಕ್ಕೆ 90 ಪಾಲು ನೀರೇ ಇರುವುದರಿಂದ ಆವಿಯಲ್ಲಿ ಬೇಯಲು ಅದಕ್ಕೆ ಹೆಚ್ಚು ಹೊತ್ತು ಬೇಡ.

ಪೆಟ್ಟಿಗೆಗೆ ಪ್ಲೈವುಡ್ ಆಗುತ್ತದೆ. ಆದರೆ ಒಳಗಿನ ಹಬೆಗೆ ಅಂಚು ಉಬ್ಬಿ ಪದರ ಬಿಡುತ್ತದೆ, ಬೂಷ್ಟು ಹಿಡಿದರೆ ಉಜ್ಜಿ ತೊಳೆಯಲು ಬರುವುದಿಲ್ಲ. ಕೆಟ್ಟುಹೋದ ಒಂಟಿ ಬಾಗಿಲಿನ ಫ್ರಿಜ್ ವಾಸಿ: ಗೋಡೆಯೊಳಗೆ ಫೋಮ್ ಇದೆ, ಬಾಗಿಲಿಗೆ ರಬ್ಬರ್ ಪಟ್ಟಿ ಇದೆ, ಒಳಮೈ ಒರೆಸಿದರೆ ಚೊಕ್ಕಟ. ಗುಜರಿಯಲ್ಲಿ ಕೊಳ್ಳುವಾಗ ಕಂಪ್ರೆಸರ್ ಬೇಡ ಎಂದರೆ ಅಂಗಡಿಯವರಿಗೂ ಸಂತೋಷ, ತಾಮ್ರ ಅವರಿಗೇ ಉಳಿಯುತ್ತದೆ. "ಅಣ್ಣಾ, ಪೈಪಲ್ಲಿ ಗ್ಯಾಸ್ ಇಲ್ಲ ತಾನೇ?" ಎಂದು ಕೇಳಿ, ಮೆಕ್ಯಾನಿಕ್ ಕೈಯಲ್ಲೇ ಬಿಚ್ಚಿಸಬೇಕು. ಕೆಲವು ಮಾಡೆಲ್ಲುಗಳಲ್ಲಿ ಪೈಪು ಪಕ್ಕದ ಗೋಡೆಯೊಳಗೇ ಸುತ್ತಿರುತ್ತದೆ, ಗ್ಯಾಸ್ ಇದ್ದಾಗ ಅಲ್ಲಿ ಡ್ರಿಲ್ ಇಳಿಸುವಂತಿಲ್ಲ. ಹಳೆಯ ಕಾಲದ ಚಿಲಕದ ಬಾಗಿಲಾದರೆ ಚಿಲಕ ಕಿತ್ತುಹಾಕಿ. ಮಕ್ಕಳು ಒಳಗೆ ಹೊಕ್ಕು ಸಿಕ್ಕಿಕೊಳ್ಳುವ ಅಪಾಯವಿದೆ. ಒಳಗಿನ ಪ್ಲಾಸ್ಟಿಕ್ 60, 65 ಡಿಗ್ರಿ ತಡೆಯುತ್ತದೆ. ಅದಕ್ಕಿಂತ ಹೆಚ್ಚಿನ ಶಾಖ ಅಣಬೆಗೂ ಬೇಡ.

ಮೇಲಿನ ಐಸ್ ಡಬ್ಬ ಬಿಚ್ಚಿ ತೆಗೆದು, ಅಲ್ಲಿ ಹಿಂಗೋಡೆಯಲ್ಲಿ 75 ಮಿ.ಮೀ.ನ ಎರಡು ತೂತು ಕೊರೆದೆವು. ಬಿಸಿಗಾಳಿ ಹೊರಹೋಗುವುದು ಅಲ್ಲಿಂದ. ಪ್ರತಿ ತೂತಿಗೂ ಪಿವಿಸಿ ಪೈಪಿನ ತುಂಡು, ಒಳಬಾಯಿಗೆ ಸ್ಟೀಲ್ ಜಾಲರಿ (ಹಲ್ಲಿ, ಜಿರಲೆಗೆ ಬೆಚ್ಚನೆಯ ಜಾಗ ಬಹಳ ಇಷ್ಟ), ಹೊರಬಾಯಿಗೆ ಸರಿಸುವ ತಗಡಿನ ಮುಚ್ಚಳ. ಕೆಳಗೆ ಹಿಂಬದಿಯಲ್ಲಿ ಕಂಪ್ರೆಸರ್ ಕೂತಿದ್ದ ಗೂಡಿನ ಗೋಡೆಗೆ ಫ್ಯಾನಿನ ತೂತು. ತೂತು ಕೊರೆದಾಗ ಕಾಣುವ ಫೋಮಿನ ಅಂಚನ್ನೆಲ್ಲ ಅಲ್ಯೂಮಿನಿಯಂ ಟೇಪಿನಿಂದ ಮುಚ್ಚಬೇಕು. ಇಲ್ಲದಿದ್ದರೆ ಅದರ ಪುಡಿ ಗಾಳಿಯ ಜೊತೆ ಅಣಬೆಗೆ ಬೀಳುತ್ತದೆ.

ಫ್ಯಾನು, ಹೀಟರ್, ಶಾಖವನ್ನು ಹದದಲ್ಲಿಡುವ ಕಂಟ್ರೋಲರ್ ಎಲ್ಲವೂ ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಸಿಗುತ್ತವೆ. ಮೊಟ್ಟೆ ಮರಿ ಮಾಡುವ ಇನ್‌ಕ್ಯುಬೇಟರ್ ಸಾಮಾನು ಮಾರುವವರ ಹತ್ತಿರವೂ ಇವೇ ಇರುತ್ತವೆ. ಫ್ಯಾನ್ 230 ವೋಲ್ಟಿನ, 120 ಮಿ.ಮೀ.ನ, ಲೋಹದ ಚೌಕಟ್ಟಿನದು, ಬಾಲ್ ಬೇರಿಂಗ್ ಇರುವುದು. ಅದನ್ನು ತಣ್ಣನೆಯ ಕಡೆಯೇ ಇಟ್ಟು ಹೊರಗಿನ ಗಾಳಿಯನ್ನು ಒಳಗೆ ತಳ್ಳಿಸಬೇಕು. ಮೇಲೆ ಕೂರಿಸಿ ಬಿಸಿ ಹಬೆಯನ್ನು ಎಳೆಸಿದರೆ ಬೇರಿಂಗಿನ ಗ್ರೀಸ್ ಬೇಗ ಒಣಗಿ ಫ್ಯಾನ್ ಕಿರುಗುಟ್ಟಲು ಶುರುವಾಗುತ್ತದೆ.

ಹೀಟರ್ 250 ವ್ಯಾಟಿನ ಎರಡು ಫಿನ್ ಹೀಟರುಗಳು (ಮೈಮೇಲೆ ತಗಡಿನ ರೆಕ್ಕೆಗಳಿರುವ ಮುಚ್ಚಿದ ಕೊಳವೆ), ತರಕಾರಿ ಡಬ್ಬ ಇದ್ದ ಜಾಗದಲ್ಲಿ, ಪ್ಲಾಸ್ಟಿಕ್ಕಿಗೆ ತಾಗದಂತೆ ಕಬ್ಬಿಣದ ಕ್ಲಾಂಪಿನ ಮೇಲೆ. 100 ವ್ಯಾಟಿನ ಹಳೇ ಬಲ್ಬುಗಳನ್ನು ಹಾಕುವವರಿದ್ದಾರೆ. ಈಗ ಅವು ಸಿಗುವುದೂ ಕಷ್ಟ, ಒಂದು ಹನಿ ನೀರು ಬಿದ್ದರೂ ಗಾಜು ಸಿಡಿಯುತ್ತದೆ. ರೂಮ್ ಹೀಟರಿನ ಬಯಲು ಸುರುಳಿ ಬೇಡವೇ ಬೇಡ, ಒಣ ಅಣಬೆಯ ಚೂರು ಅದರ ಮೇಲೆ ಬಿದ್ದರೆ ಹೊತ್ತಿಕೊಳ್ಳುತ್ತದೆ. ಫಿನ್ ಹೀಟರಿನ ಮೇಲೂ ಒಂದು ಸ್ಟೀಲ್ ತಗಡನ್ನು ಚಾವಣಿಯಂತೆ ಕೂರಿಸಿ, ಮುಂದಿನ ಅಂಚಿನಲ್ಲಿ 5 ಸೆಂ.ಮೀ. ಸಂದು ಬಿಟ್ಟಿದ್ದೇವೆ. ಗಾಳಿ ಆ ಸಂದಿನಿಂದ ಮೇಲೇರುತ್ತದೆ.

ಕಂಟ್ರೋಲರ್ ಎಸ್‌ಟಿಸಿ-1000. ಇದರಲ್ಲಿ ಎಲೆಕ್ಟ್ರಿಷಿಯನ್ನರೂ ಎಡವುವ ಒಂದು ವಿಷಯವಿದೆ: ಹೀಟಿಂಗ್ ಎಂದು ಬರೆದ ಎರಡು ಟರ್ಮಿನಲ್ಲುಗಳಿಂದ ಕರೆಂಟು ಬರುವುದಿಲ್ಲ. ಅವು ಬರೀ ಸ್ವಿಚ್. ಫೇಸ್ ವೈರನ್ನು ಒಂದಕ್ಕೆ ನಾವೇ ಕೊಟ್ಟು, ಇನ್ನೊಂದರಿಂದ ಹೀಟರಿಗೆ ಒಯ್ಯಬೇಕು. ಫ್ಯಾನಿನ ಕನೆಕ್ಷನ್ ಕಂಟ್ರೋಲರಿಗೆ ಹೋಗಬಾರದು. ಮೇನ್ ಸ್ವಿಚ್ ಹಾಕಿದಾಗಿನಿಂದ ಅದು ತಿರುಗುತ್ತಲೇ ಇರಬೇಕು. ಫ್ಯಾನ್ ಸುಟ್ಟು ನಿಂತು ಹೀಟರ್ ಮಾತ್ರ ಉರಿದರೆ ಏನು ಗತಿ? ಅದಕ್ಕಾಗಿ ಹೀಟರಿನ ಸರಣಿಯಲ್ಲಿ 90 ಡಿಗ್ರಿಗೆ ಕಡಿಯುವ ಕೆಎಸ್‌ಡಿ-301 ಕಟ್‌ಔಟ್ ಬೇಕು, ಒತ್ತಿದರೆ ಮಾತ್ರ ಮತ್ತೆ ಕೂಡುವ ಮಾದರಿಯದು. ಅದನ್ನು ಹೀಟರಿಗೇ ಅಂಟಿಸಿದರೆ ಸುಮ್ಮಸುಮ್ಮನೆ ಕಡಿಯುತ್ತದೆ. ಮೇಲಿನ ಸ್ಟೀಲ್ ತಗಡಿಗೆ ಬಿಗಿಯಬೇಕು. ಹೀಟರಿನ ಹತ್ತಿರ ಸಿಲಿಕಾನ್ ವೈರು, ಲೋಡ್ ಹೆಚ್ಚಾದರೆ ಕರೆಂಟು ಕಡಿಯುವ 6 ಆಂಪಿನ ಎಂಸಿಬಿ, ಕರೆಂಟು ಸೋರಿದರೆ ಕಡಿಯುವ 30 ಮಿಲಿ ಆಂಪಿನ ಆರ್‌ಸಿಸಿಬಿ, ಫ್ರಿಜ್ಜಿನ ತಗಡಿಗೆ ಅರ್ಥಿಂಗ್. ಒದ್ದೆ ಕೈಯಲ್ಲಿ ಮುಟ್ಟುವ ಪೆಟ್ಟಿಗೆ ಇದು, ಅರ್ಥಿಂಗ್ ಬಿಟ್ಟು ಮಾಡುವಂತಿಲ್ಲ.

ಕಂಟ್ರೋಲರಿಗೆ ಶಾಖ ತಿಳಿಸುವ ಸೆನ್ಸರ್ ಎಲ್ಲಿಡಬೇಕು ಎಂಬುದರ ಮೇಲೆ ಇಡೀ ಬ್ಯಾಚಿನ ಹಣೆಬರಹ ನಿಂತಿದೆ. ಅಣಬೆಯ ನೀರು ಆವಿಯಾಗುವಾಗ ಗಾಳಿ ತಣ್ಣಗಾಗುತ್ತದೆ. ಸೆನ್ಸರನ್ನು ಮೇಲೆ, ಗಾಳಿ ಹೊರಡುವಲ್ಲಿ ಇಟ್ಟರೆ ಅದು 38 ತೋರಿಸುತ್ತಿರುವಾಗ ಕೆಳಗಿನ ತಟ್ಟೆಗೆ ಬಡಿಯುವ ಗಾಳಿ ಎಷ್ಟೋ ಬಿಸಿ ಇರುತ್ತದೆ, ಕಂಟ್ರೋಲರ್ ಹೀಟರನ್ನು ಆರಿಸುವುದೇ ಇಲ್ಲ. ಆದ್ದರಿಂದ ಸೆನ್ಸರ್ ಕೆಳಗಿನ ತಟ್ಟೆಯ ಅಡಿಯಲ್ಲಿ, ಸಂದಿನಿಂದ ಗಾಳಿ ಏರುವಲ್ಲಿ, ಹೀಟರಿನ ಕಾವು ನೇರ ತಾಗದಂತೆ ತಗಡಿನ ಮರೆಯಲ್ಲಿ ಇರಬೇಕು. ಹೀಟರ್ ಆರುವ ಮತ್ತು ಮತ್ತೆ ಹೊತ್ತುವ ಶಾಖಗಳ ಅಂತರವನ್ನು ಕಂಟ್ರೋಲರಿನಲ್ಲಿ 1 ಡಿಗ್ರಿಗೆ ಇಟ್ಟರೆ ಸಾಕು.

ತಟ್ಟೆಗಳಿಗೆ ಶಿಡ್ಲಘಟ್ಟದ ಕಡೆ ಸುಲಭವಾಗಿ ಕೈಗೆ ಸಿಗುವುದು ರೇಷ್ಮೆ ಮನೆಯ ಹಳೇ ಬಿದಿರು ತಟ್ಟೆ. ಅವನ್ನು ಬಳಸಬಾರದು. ಹುಳುಮನೆಯಲ್ಲಿ ಪ್ರತಿ ಬೆಳೆಗೂ ಬ್ಲೀಚಿಂಗ್ ಪೌಡರ್, ಫಾರ್ಮಲಿನ್ ಹೊಡೆದು ತೊಳೆದಿರುತ್ತಾರೆ, ಬಿದಿರು ಅದನ್ನೆಲ್ಲ ಕುಡಿದಿರುತ್ತದೆ. ಕಿಟಕಿಗೆ ಹಾಕುವ ಫೈಬರ್‌ಗ್ಲಾಸ್ ಸೊಳ್ಳೆ ಜಾಲರಿಯೂ ಬೇಡ, ನಾರು ಉದುರುತ್ತದೆ. ರೀಪಿನ ಚೌಕಟ್ಟಿಗೆ ತುಕ್ಕು ಹಿಡಿಯದ 304 ಸ್ಟೀಲ್ ಜಾಲರಿ ಬಡಿದರೆ ವರ್ಷಗಟ್ಟಲೆ ಬರುತ್ತದೆ. ಅಗಲ 45, ಉದ್ದ 35 ಸೆಂ.ಮೀ.ನ ಎಂಟು ತಟ್ಟೆ, ನಡುವೆ 7 ಸೆಂ.ಮೀ. ಅಂತರ. ಒಂದು ತಟ್ಟೆಯನ್ನು ಹಿಂದಕ್ಕೆ ಒತ್ತಿ ಮುಂದೆ 4 ಸೆಂ.ಮೀ. ಸಂದು, ಅದರ ಮೇಲಿನದನ್ನು ಮುಂದಕ್ಕೆ ಎಳೆದು ಹಿಂದೆ ಸಂದು. ಹೀಗೆ ಜೋಡಿಸಿದರೆ ಗಾಳಿ ಅಂಕುಡೊಂಕಾಗಿ ಪ್ರತಿ ತಟ್ಟೆಯ ಮೇಲೂ ಸವರಿಕೊಂಡು ಹೋಗುತ್ತದೆ. ನೇರ ಮೇಲೇರಲು ಬಿಟ್ಟರೆ ತೆಳ್ಳಗೆ ಹರಡಿದ ಕಡೆ ನುಗ್ಗಿ ಉಳಿದದ್ದನ್ನು ಹಾಗೇ ಬಿಡುತ್ತದೆ.

ಖಾಲಿ ಪೆಟ್ಟಿಗೆಯನ್ನು ಮೊದಲು ಕೆಲವು ಗಂಟೆ 60 ಡಿಗ್ರಿಯಲ್ಲಿ ಓಡಿಸಿ ಹಳೇ ಫ್ರಿಜ್ಜಿನ ವಾಸನೆ, ಹೀಟರಿನ ಎಣ್ಣೆವಾಸನೆ ಕಳೆಯಬೇಕು. ಎರಡೂ ಮುಚ್ಚಳ ಪೂರ್ತಿ ತೆರೆದಿದ್ದರೆ ಶಾಖ 33ರ ಆಸುಪಾಸಿಗೇ ನಿಂತುಬಿಡುತ್ತದೆ. ಹೀಟರ್ ಕೆಟ್ಟಿಲ್ಲ. ನಿಮಿಷಕ್ಕೆ ಒಂದು ಘನ ಮೀಟರ್ ಗಾಳಿಯನ್ನು 500 ವ್ಯಾಟು ಸುಮಾರು 25 ಡಿಗ್ರಿಯಷ್ಟು ಏರಿಸಬಲ್ಲದು. ಈ ಗಾತ್ರದ ಫ್ಯಾನು ಅಡ್ಡಿಯಿಲ್ಲದಾಗ ಅದರ ಎರಡೂವರೆ ಪಟ್ಟು ತಳ್ಳುತ್ತದೆ. ವ್ಯಾಟು ಹೆಚ್ಚಿಸಬೇಕಿಲ್ಲ. ಒಂದು ಮುಚ್ಚಳ ಹಾಕಿ, ಇನ್ನೊಂದನ್ನು ಸರಿಸುತ್ತಾ 45ಕ್ಕೆ ಬರುವ ಜಾಗ ಹುಡುಕಿ ಮಾರ್ಕರಿನಲ್ಲಿ ಗೆರೆ ಎಳೆದಿಡಿ.

ಅಣಬೆ ಕೀಳುವ ಹಿಂದಿನ ಸಂಜೆಯಿಂದಲೇ ನೀರು ಚಿಮುಕಿಸುವುದನ್ನು ನಿಲ್ಲಿಸಿದರೆ ಡ್ರೈಯರಿನ ಕೆಲಸ ಹಗುರ. ತೊಳೆಯುವುದು ಬೇಡ, ಹುಲ್ಲಿನ ಚೂರನ್ನು ಒಣ ಬ್ರಷ್ಷಿನಿಂದ ತೆಗೆಯಿರಿ. ಅಂಚು ಮೇಲಕ್ಕೆ ಮಡಚಿಕೊಳ್ಳುವ ಮುನ್ನವೇ ಕಿತ್ತಿರಬೇಕು; ಬಲಿತ ಅಣಬೆ ಬಿಳಿ ಪುಡಿಯಂತೆ ಬೀಜಕಣ ಉದುರಿಸುತ್ತದೆ, ಫ್ಯಾನಿನ ಗಾಳಿಗೆ ಅದು ಮನೆಯೆಲ್ಲ ಹರಡಿ ಕೆಮ್ಮು ಹಿಡಿಸುತ್ತದೆ. ಪೆಟ್ಟಿಗೆಯ ಹಿಂಬದಿ ಕಿಟಕಿಯ ಕಡೆಗಿರಲಿ. ಬುಡದ ಗಟ್ಟಿ ತೊಟ್ಟು ಕತ್ತರಿಸಿ, ಟೊಪ್ಪಿಯನ್ನು ಅದರ ಅಡಿಮೈಯ ಪದರದ ಗೆರೆ ಹಿಡಿದು ಒಂದೂವರೆ ಸೆಂ.ಮೀ. ಅಗಲಕ್ಕೆ ಕೈಯಲ್ಲೇ ಸೀಳಿದರಾಯಿತು. ಬಟನ್ ಅಣಬೆ, ಹಾಲಣಬೆಯಾದರೆ ಚಾಕುವಿನಲ್ಲಿ 5 ಮಿ.ಮೀ. ದಪ್ಪದ ಹೋಳು. ತಟ್ಟೆಗೆ 350ರಿಂದ 400 ಗ್ರಾಂ, ಒಂದರ ಮೇಲೊಂದು ಬೀಳದಂತೆ. ಎಂಟು ತಟ್ಟೆಗೆ ಒಟ್ಟು 3 ಕೆ.ಜಿ. ಹಿಡಿಯುತ್ತದೆ. ಹರಡುವ ಮೊದಲು ಒಂದರ್ಧ ಗಂಟೆ ನಡುಹಗಲಿನ ಬಿಸಿಲು ಸಿಕ್ಕಿದರೆ ಪದರ ಮೇಲೆ ಮಾಡಿ ಇಡಿ; ಬಿಸಿಲಿಗೆ ಅಣಬೆಯಲ್ಲಿ ವಿಟಮಿನ್ ಡಿ ಹೆಚ್ಚುತ್ತದೆ, ಕರೆಂಟಿನ ಶಾಖದಿಂದ ಅದು ಆಗುವುದಿಲ್ಲ.

ಮೊದಲ ಮೂರು ಗಂಟೆ 45 ಡಿಗ್ರಿ. ಈ ಹೊತ್ತಿನಲ್ಲಿ ಮೇಲಿನ ತಟ್ಟೆಗಳ ಬಳಿ ಕೈಯಿಟ್ಟರೆ ಗಾಳಿ ತಣ್ಣಗೇ ಇರುತ್ತದೆ, ಹೊರಪೈಪಿನಿಂದ ಒದ್ದೆ ಅಣಬೆಯ ವಾಸನೆ ಬರುತ್ತದೆ. ನೀರು ಹೋಗುತ್ತಿದೆ ಎಂದೇ ಅರ್ಥ. ಅವಸರಪಟ್ಟು ಇಲ್ಲೇ 60ಕ್ಕೆ ಏರಿಸಿದರೆ ಅಣಬೆ ರಸ ಬಿಟ್ಟು ಕಂದಾಗುತ್ತದೆ. ದಪ್ಪ ಹೋಳುಗಳ ಹೊರಮೈ ಬಿರುಸಾಗಿ ಒಳಗಿನ ನೀರಿಗೆ ದಾರಿ ಮುಚ್ಚುತ್ತದೆ. ಹೊರಗೆ ಒಣಗಿದಂತೆ ಕಂಡು ಡಬ್ಬದಲ್ಲಿ ಬೂಷ್ಟು ಬರುವುದು ಇಂಥ ಮಾಲಿಗೇ. ಆಮೇಲೆ ನಾಲ್ಕೈದು ಗಂಟೆ 52, ಮಧ್ಯೆ ಒಮ್ಮೆ ಮೇಲಿನ ತಟ್ಟೆ ಕೆಳಗೆ, ಕೆಳಗಿನದು ಮೇಲೆ. ಕೊನೆಯ ಎರಡು ಗಂಟೆ 60, ಮುಚ್ಚಳ ಮೂರರಲ್ಲಿ ಒಂದು ಪಾಲಷ್ಟೇ ತೆರೆದು. ಆ ಹೊತ್ತಿಗೆ ಹೊರಗೆ ಕಳಿಸಬೇಕಾದ ನೀರು ಹೆಚ್ಚು ಉಳಿದಿರುವುದಿಲ್ಲ.

ಹಳ್ಳಿಯ ಲೈನಿನಲ್ಲಿ ಸಂಜೆ ವೋಲ್ಟೇಜ್ ಬಿದ್ದರೆ ಲೆಕ್ಕ ತಪ್ಪುತ್ತದೆ. 180 ವೋಲ್ಟಿಗೆ ಇಳಿದಾಗ 500 ವ್ಯಾಟಿನ ಹೀಟರ್ ಕೊಡುವುದು 300 ವ್ಯಾಟ್ ಅಷ್ಟೇ. ಪೈಪಿನ ಬಾಯಿ ಇನ್ನಷ್ಟು ಮುಚ್ಚುವಂತೆ ಮುಚ್ಚಳ ಸರಿಸಿ ಎರಡು ಗಂಟೆ ಹೆಚ್ಚು ಹಿಡಿಯಬೇಕು. ಬೆಳಗ್ಗೆ ಬೇಗ ತುಂಬಿದರೆ ಈ ತಂಟೆ ಕಡಿಮೆ. ಮೊದಲ ಗಂಟೆಗಳಲ್ಲೇ ಕರೆಂಟು ಹೋದರೆ ಬಾಗಿಲು ಮುಚ್ಚಿ ಕಾಯಬೇಡಿ: ಬಿಸಿ, ಹಬೆ, ಅರ್ಧ ಒದ್ದೆ ಅಣಬೆ ಮೂರೂ ಸೇರಿದರೆ ಹುಳಿಯುವುದು ಖಂಡಿತ. ಬಾಗಿಲು ತೆರೆದು, ತಟ್ಟೆಗಳನ್ನು ಹೊರಗೆ ಗಾಳಿಯಾಡುವಲ್ಲಿ ಇಟ್ಟು, ಬಂದ ಮೇಲೆ ಮತ್ತೆ ತುಂಬಬೇಕು.

ಒಣಗಿತೋ ಇಲ್ಲವೋ ಎಂದು ಬಿಸಿಯಿದ್ದಾಗ ನೋಡಿದರೆ ಗೊತ್ತಾಗದು, ಪೂರ್ತಿ ಒಣಗಿದ್ದೂ ಬಿಸಿಯಲ್ಲಿ ಬಾಗುತ್ತದೆ. ಎರಡು ಚೂರು ಹೊರಗೆ ತೆಗೆದು ಆರಿಸಿ ಮುರಿದರೆ ಹಪ್ಪಳದಂತೆ ಪಟ್ ಅನ್ನಬೇಕು. ತೊಟ್ಟಿನ ಕಡೆಯ ದಪ್ಪ ಚೂರನ್ನೇ ಆರಿಸಿಕೊಳ್ಳಿ. ತೂಕ ಇನ್ನೂ ನಂಬಿಕಸ್ಥ: 1 ಕೆ.ಜಿ. ಹಸಿ ಅಣಬೆ ಶೇ. 8 ತೇವಕ್ಕೆ ಇಳಿದಾಗ 110 ಗ್ರಾಂ ಆಸುಪಾಸು ತೂಗುತ್ತದೆ. 130ರಲ್ಲೇ ನಿಲ್ಲಿಸಿದರೆ ಅದರೊಳಗೆ ಶೇ. 23ರಷ್ಟು ನೀರು ಉಳಿದಿದೆ, ಎಷ್ಟು ಚೆನ್ನಾಗಿ ಕಂಡರೂ ಪ್ಯಾಕ್ ಮಾಡಬಾರದು. ಖಾಲಿ ತಟ್ಟೆಯ ತೂಕವನ್ನು ಚೌಕಟ್ಟಿನ ಮೇಲೆಯೇ ಬರೆದಿಟ್ಟರೆ ತಕ್ಕಡಿಗೆ ಒಮ್ಮೆ ಇಟ್ಟರೆ ಸಾಕು.

ಆರಿದ ಅರ್ಧ ಗಂಟೆಯೊಳಗೆ ಗಾಜಿನ ಜಾಡಿಗೆ ಹೋಗಬೇಕು. ಬಯಲಲ್ಲಿ ಬಿಟ್ಟರೆ ರಾತ್ರಿ ಬೆಳಗಾಗುವುದರೊಳಗೆ ಮೆತ್ತಗಾಗಿರುತ್ತದೆ. ಒಂದು ವಾರ ದಿನಕ್ಕೊಮ್ಮೆ ಅಲ್ಲಾಡಿಸಿ ನೋಡಿ. ಗಾಜಿಗೆ ಬೆವರು ಕಟ್ಟಿದರೆ ಮತ್ತೆ 60 ಡಿಗ್ರಿಗೆ. ಕಟ್ಟದಿದ್ದರೆ ಅಲ್ಯೂಮಿನಿಯಂ ಪದರದ ಪೌಚಿಗೆ ತುಂಬಿ, ಒಂದು ಸಿಲಿಕಾ ಜೆಲ್ ಪೊಟ್ಟಣ ಹಾಕಿ ಸೀಲ್ ಮಾಡಬಹುದು.

ಕರೆಂಟಿನ ಲೆಕ್ಕ ಹೀಗೆ: 3 ಕೆ.ಜಿ.ಯಲ್ಲಿ ಹೋಗಬೇಕಾದ ನೀರು 2.7 ಕೆ.ಜಿ. ಅದನ್ನು ಆವಿ ಮಾಡಲಿಕ್ಕೇ 1.8 ಯೂನಿಟ್ ಬೇಕು, ಹೀಟರಿನಿಂದಲೇ ಗಾಳಿ ಕಾಯಿಸುವ ಇಂಥ ಪೆಟ್ಟಿಗೆಗೆ ಅದಕ್ಕಿಂತ ಕಡಿಮೆ ಸಾಧ್ಯವಿಲ್ಲ. ಈ ಪೆಟ್ಟಿಗೆ ತಿನ್ನುವುದು 5 ಯೂನಿಟ್, ಬಿಸಿಗಾಳಿಯನ್ನು ಹೊರಗೆ ಚೆಲ್ಲುವುದರಿಂದ. ಯೂನಿಟ್ಟಿಗೆ 6 ರೂಪಾಯಿ ಹಿಡಿದರೆ 320 ಗ್ರಾಂ ಒಣ ಅಣಬೆಗೆ 30 ರೂಪಾಯಿ.

ಕೋಲಾರದ ಕಡೆಯವರು ನೋಡಿದರೆ ಮೊದಲು ಕೇಳುವುದು ಇದರಲ್ಲಿ ಟೊಮೆಟೊ ಒಣಗುತ್ತದೆಯೇ ಎಂದು. ಬೆಲೆ ಬಿದ್ದಾಗ ರಸ್ತೆಗೆ ಸುರಿದದ್ದನ್ನು ಕಂಡವರಿಗೆ ಆ ಯೋಚನೆ ಬರುವುದು ಸಹಜ. ಒಣಗುತ್ತದೆ. ಆದರೆ ಟೊಮೆಟೊದಲ್ಲಿ ನೀರು ಶೇ. 94ರ ಮೇಲೆ, ಸಿಪ್ಪೆ ನೀರು ಬಿಡುವುದಿಲ್ಲ, ಅದರ ಹೋಳುಗಳಿಗೆ ಅಣಬೆಯ ದುಪ್ಪಟ್ಟು ಹೊತ್ತು ಬೇಕು. ಹುಳಿ ರಸ ಜಾಲರಿಯಿಂದ ತೊಟ್ಟಿಕ್ಕಿ ಸಂದಿನ ಮೂಲಕ ಹೀಟರಿನ ಮೇಲೆ ಬೀಳುತ್ತದೆ. ಟೊಮೆಟೊ ಹಾಕುವುದಾದರೆ ಹೀಟರನ್ನು ತಟ್ಟೆಗಳ ಕೆಳಗಿಡದೆ ಹಿಂಬದಿಯ ಗೂಡಿಗೆ ಸರಿಸಿ, ತಳದಲ್ಲಿ ರಸ ಹಿಡಿಯುವ ಸ್ಟೀಲ್ ಟ್ರೇ ಇಟ್ಟು ಪೆಟ್ಟಿಗೆಯನ್ನು ಬೇರೆ ರೀತಿಯಲ್ಲೇ ಕಟ್ಟಬೇಕು.