ಹಾಳೆ ಎಲ್ಲಿಗೆ ಹೋಯಿತು?

ಬಿ.ಕಾಂ. ಎರಡನೆಯ ವರ್ಷದ ಕ್ರಿಸ್ಮಸ್ ರಜೆಗೆ ಮೊದಲು, ವೆಚ್ಚ ಲೆಕ್ಕಶಾಸ್ತ್ರ ಕಲಿಸುತ್ತಿದ್ದ ನಮ್ಮ ಸರ್, ಅವರವರ ಮನೆಯ ತೋಟದ ಅಥವಾ ಅಂಗಡಿಯ ಒಂದು ವರ್ಷದ ಲೆಕ್ಕವನ್ನು ಬರೆದು ತರಬೇಕೆಂದು ಹೇಳಿದರು. ಪಾಠಪುಸ್ತಕ ಇಂಗ್ಲಿಷಿನಲ್ಲಿತ್ತು, ತರಗತಿಯ ವಿವರಣೆ ಕನ್ನಡ, ಮಲಯಾಳಂ ಎರಡರಲ್ಲೂ ನಡೆಯುತ್ತಿತ್ತು, ಹಿಂದಿನ ಬೆಂಚಿನ ಚರ್ಚೆ ಮಾತ್ರ ತುಳುವಿನಲ್ಲಿ. ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರದ ನಮ್ಮ ಒಂದೂವರೆ ಎಕರೆ ಅಡಿಕೆ ತೋಟದ ಲೆಕ್ಕವನ್ನು ನಾನು ಬಹಳ ಅಚ್ಚುಕಟ್ಟಾಗಿ ಬರೆದೆ. ಖರ್ಚಿನ ಕಡೆ ಮೈಲುತುತ್ತು, ಸುಣ್ಣ, ಮದ್ದು ಬಿಡುವ ಕೂಲಿ, ಕೊಯ್ಲು, ಸುಲಿಯುವ ಕೂಲಿ. ಆದಾಯದ ಕಡೆ ಹೊಸ ಅಡಿಕೆ, ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂದು ಅಡಿಕೆಯ ಒಂದೊಂದು ದರ್ಜೆಗೆ ಬೇರೆಬೇರೆ ಸಾಲುಗಳು. ಕೊನೆಯಲ್ಲಿ, ಏನನ್ನೂ ಬಿಟ್ಟಿಲ್ಲವೆಂದು ತೋರಿಸುವ ಉತ್ಸಾಹದಿಂದ, ಮರದಿಂದ ಉದುರುವ ಅಡಿಕೆ ಸೋಗೆಯ ಬುಡದ ಅಗಲವಾದ ಹಾಳೆಯನ್ನೂ ಹಿಡಿದು, ‘ಹಾಳೆ: ತ್ಯಾಜ್ಯ: 0’ ಎಂದು ಸೇರಿಸಿದೆ.

ಹತ್ತರಲ್ಲಿ ಆರು ಅಂಕ ಬಂತು. ಸೊನ್ನೆಯ ಸುತ್ತ ಕೆಂಪು ಶಾಯಿಯ ವೃತ್ತ, ಪಕ್ಕದಲ್ಲಿ ಒಂದು ಪ್ರಶ್ನೆ: ‘ಹಾಳೆ ಎಲ್ಲಿಗೆ ಹೋಯಿತು?’ ಮಾರುಕಟ್ಟೆಯಲ್ಲಿ ಗಣನೀಯ ಬೆಲೆಯಿದ್ದರೆ ಉಪ ಉತ್ಪನ್ನ, ಅಲ್ಪಸ್ವಲ್ಪ ಬೆಲೆಯಿದ್ದರೆ ಗುಜರಿ, ಬೆಲೆಯೇ ಇಲ್ಲದಿದ್ದರೆ ತ್ಯಾಜ್ಯ ಎಂದು ಅವರೇ ಪಾಠ ಮಾಡಿದ್ದರಾದ್ದರಿಂದ, ಅಂಕ ಕಡಿತವಾದದ್ದು ನನಗೆ ಅನ್ಯಾಯವಾಗಿಯೇ ಕಂಡಿತು. ಕೇಳುವ ಧೈರ್ಯವಿರಲಿಲ್ಲ. ಅದೇ ವಾರ ಅವರು ಎಣ್ಮಕಜೆಯ ಗೇರು ಗುಡ್ಡಗಳ ಪ್ರಸ್ತಾಪ ತೆಗೆದು, ಸುಮಾರು ಎರಡು ದಶಕಗಳ ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿದದ್ದರ ಬೆಲೆಯನ್ನು ಗೇರುಬೀಜದ ಯಾವ ಲೆಕ್ಕಪುಸ್ತಕದಲ್ಲಿ ಹುಡುಕುವುದು ಎಂದು ಕೇಳಿದಾಗ, ಆ ಊರಿನಿಂದಲೇ ಬರುತ್ತಿದ್ದ ಇಬ್ಬರು ಸಹಪಾಠಿಗಳು ತಲೆ ತಗ್ಗಿಸಿ ಕುಳಿತದ್ದು ಮಾತ್ರ ನನಗೆ ಸ್ಪಷ್ಟವಾಗಿ ನೆನಪಿದೆ.

2018ರಲ್ಲಿ ಬೆಂಗಳೂರಿನಲ್ಲಿ ಪಿಎಚ್.ಡಿ.ಗೆ ಸೇರಿದಾಗ ನಾನು ಆರಿಸಿಕೊಂಡ ವಿಷಯ, ಸುಸ್ಥಿರ ವ್ಯವಹಾರ ಮಾದರಿಗಳಲ್ಲಿ ಹೊಸತನ. ಒಂದು ಉದ್ಯಮವು ಯಾರಿಗೆ ಏನನ್ನು ಕೊಡುತ್ತದೆ, ಅದನ್ನು ಹೇಗೆ ಉಂಟುಮಾಡುತ್ತದೆ, ತನ್ನ ಪಾಲನ್ನು ಹೇಗೆ ಪಡೆಯುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಸಿಗುವ ಉತ್ತರವೇ ಅದರ ವ್ಯವಹಾರ ಮಾದರಿ. ಆ ಉತ್ತರದಲ್ಲಿ ಮಣ್ಣು, ನೀರು, ನೆರೆಹೊರೆಯವರನ್ನೂ ಲೆಕ್ಕಕ್ಕೆ ಹಿಡಿದು ಮಾದರಿಯನ್ನೇ ಬದಲಿಸುವುದು ಹೇಗೆ ಎಂಬುದು ಈ ಅಧ್ಯಯನದ ವಸ್ತು. ಶಾಸ್ತ್ರ ಇನ್ನೂ ಎಳೆಯದು. ಇಂದು ಅನೇಕ ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ವ್ಯವಹಾರ ಮಾದರಿಯನ್ನು ವಿವರಿಸಲು ಬಿಡಿಸುವ ಒಂಬತ್ತು ಚೌಕಗಳ ಚಿತ್ರದ ಬೇರು ಇರುವುದು ಅಲೆಕ್ಸಾಂಡರ್ ಓಸ್ಟರ್‌ವಾಲ್ಡರ್ 2004ರಲ್ಲಿ ಸ್ವಿಟ್ಜರ್ಲೆಂಡಿನ ಲೌಸಾನ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್.ಡಿ. ಪ್ರಬಂಧದಲ್ಲಿ, ಅದಕ್ಕೆ ಸುಸ್ಥಿರತೆಯ ಪ್ರಶ್ನೆಯನ್ನು ಗಟ್ಟಿಯಾಗಿ ಜೋಡಿಸಿದ ಮೊದಲಿಗರಲ್ಲಿ 2008ರ ಸ್ಟಬ್ಸ್ ಮತ್ತು ಕಾಕ್ಲಿನ್ ಅವರದು ಮುಖ್ಯ ಲೇಖನ. 2014ರಲ್ಲಿ ನ್ಯಾನ್ಸಿ ಬಾಕೆನ್ ಮತ್ತು ಸಂಗಡಿಗರು ಇಂಥ ಮಾದರಿಗಳನ್ನು ಎಂಟು ಬಗೆಗಳಾಗಿ ವಿಂಗಡಿಸಿದರು. ಅವುಗಳಲ್ಲೊಂದು ತ್ಯಾಜ್ಯದಿಂದ ಮೌಲ್ಯವನ್ನು ಸೃಷ್ಟಿಸುವುದು. ಅದನ್ನು ಓದಿದ ಕ್ಷಣವೇ ನನ್ನ ಕಣ್ಣ ಮುಂದೆ ಬಂದದ್ದು ನಮ್ಮೂರಿನ ಹಾಳೆ ತಟ್ಟೆ.

ಒಂದು ಅಡಿಕೆ ಮರದಿಂದ ವರ್ಷಕ್ಕೆ ಸುಮಾರು ಆರೇಳು ಹಾಳೆ ಬೀಳುತ್ತದೆ. ಅದನ್ನು ನೀರಿನಲ್ಲಿ ನೆನೆಸಿ, ತೊಳೆದು, ಬಿಸಿಯಾದ ಅಚ್ಚಿನ ನಡುವೆ ಒತ್ತಿದರೆ ತಟ್ಟೆ ಸಿದ್ಧ. ಅಂಟೂ ಬೇಡ, ರಾಸಾಯನಿಕವೂ ಬೇಡ. ಪ್ರಕರಣ ಅಧ್ಯಯನಕ್ಕೆ ನಾಲ್ಕರಿಂದ ಹತ್ತು ಪ್ರಕರಣಗಳಿದ್ದರೆ ಸಾಮಾನ್ಯವಾಗಿ ಸಾಕಾಗುತ್ತದೆಂದು ಸಂಶೋಧಕಿ ಐಸೆನ್‌ಹಾರ್ಟ್ 1989ರಲ್ಲೇ ಹೇಳಿದ್ದರಿಂದ, ಕಾಸರಗೋಡು ಮತ್ತು ದಕ್ಷಿಣ ಕನ್ನಡದ, ಹಾಳೆ ತಟ್ಟೆ ಮಾಡುವ ಐದು ಘಟಕಗಳನ್ನು ಆರಿಸಿಕೊಂಡೆ. 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ತಟ್ಟೆ, ಲೋಟಗಳಿಗೆ ದೇಶದಾದ್ಯಂತ ನಿಷೇಧ ಬಂದಾಗಲಂತೂ ನನ್ನ ಪ್ರಬಂಧಕ್ಕೆ ಸರಕಾರವೇ ಮುನ್ನುಡಿ ಬರೆದಂತೆ ಹಿಗ್ಗಿದೆ.

ಆ ಮಳೆಗಾಲದಲ್ಲಿ ಊರಿಗೆ ಬಂದು, ಹಾಳೆಯನ್ನು, ಘಟಕಗಳಿಗಾಗಿ ಕೊಳ್ಳಲು ಬರುವ ಪಿಕಪ್ಪಿನವರಿಗೆ ಯಾಕೆ ಕೊಡುವುದಿಲ್ಲವೆಂದು ನನ್ನ ಪ್ರಶ್ನಾವಳಿಯ ಪ್ರಕಾರವೇ ಅಮ್ಮನನ್ನು ಕೇಳಿದೆ. ದನದ ಹಟ್ಟಿಯ ಬಾಗಿಲಲ್ಲಿ ಹಾಳೆಯನ್ನು ಕತ್ತಿಯಿಂದ ಸಣ್ಣಗೆ ಸೀಳುತ್ತಿದ್ದ ಅಮ್ಮ ತಲೆಯೆತ್ತದೆ, ‘ಹಾಳೆ ಕಸ ಅಂತ ನಿನ್ನ ಪುಸ್ತಕದಲ್ಲಿ ಉಂಟಾ? ಅದನ್ನು ಕೊಟ್ಟರೆ ದನಕ್ಕೆ ಏನು ಹಾಕುವುದು, ಮರದ ಬುಡಕ್ಕೆ ಏನು ಹಾಕುವುದು?’ ಎಂದರು. ತಲೆಗೆ ಇಡುವ ಮುಟ್ಟಾಳೆ, ಗಂಜಿ ಉಣ್ಣುವ ಪಡಿಗೆ, ಒಲೆಗೆ ಕಿಚ್ಚು ಹಿಡಿಸುವ ಚೂರು, ಎಲ್ಲ ಮುಗಿದ ಮೇಲೆ ಗೊಬ್ಬರದ ಗುಂಡಿ: ಹಾಳೆ ಹೋಗುತ್ತಿದ್ದ ಜಾಗಗಳೆಲ್ಲ ಬಾಲ್ಯದಿಂದಲೂ ನನ್ನ ಕಣ್ಣೆದುರಿಗೇ ಇದ್ದವು. ಕೆಂಪು ಶಾಯಿಯ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಆಗ. ಜೊತೆಗೆ, ಹಾಳೆಯನ್ನು ತ್ಯಾಜ್ಯವೆಂದೇ ಹಿಡಿದು ಬರೆದು ಮುಗಿಸಿದ್ದ ಎರಡು ಅಧ್ಯಾಯಗಳು ಕೆಟ್ಟವು.

ಅವನ್ನು ಮತ್ತೆ ಬರೆಯುವುದು ಮಾರ್ಗದರ್ಶಕರಿಗೆ ಹಿಡಿಸಲಿಲ್ಲ; ಸಮಯದ ದೃಷ್ಟಿಯಿಂದ ಅವರ ಮಾತೂ ಸರಿಯೇ. ಕೊನೆಗೆ ದಾರಿ ತೋರಿಸಿದ್ದು ಬಾಕೆನ್ ಅವರ ತಂಡವೇ 2013ರಲ್ಲಿ ಪ್ರಕಟಿಸಿದ್ದ ಮೌಲ್ಯ ನಕ್ಷೆ. ಗಳಿಸಿದ ಮೌಲ್ಯದ ಜೊತೆಗೆ ಕೈತಪ್ಪಿದ ಮೌಲ್ಯವನ್ನೂ ನಾಶವಾದ ಮೌಲ್ಯವನ್ನೂ ಪ್ರತ್ಯೇಕವಾಗಿ ಬರೆಯುವಂತೆ ಅದು ಒತ್ತಾಯಿಸುತ್ತದೆ, ಪರಿಸರವನ್ನೂ ಒಬ್ಬ ಪಾಲುದಾರನಂತೆ ಕೂರಿಸುತ್ತದೆ. ಘಟಕಗಳಿಗೆ ಹಾಳೆ ಕೊಡುವ ಮನೆಗಳಿಗೆ ಮತ್ತೆ ಹೋಗಿ ಹಾಗೆ ಬರೆದಾಗ ಕಂಡದ್ದು ಏಕರೂಪದ ಚಿತ್ರವಲ್ಲ. ದನ ಸಾಕುವುದನ್ನು ಬಿಟ್ಟು, ಹಾಳೆ ಕೊಳೆತು ಬಿದ್ದಿರುತ್ತಿದ್ದ ಮನೆಗಳಿಗೆ ಪಿಕಪ್ಪಿನವರ ಹಣ ನಿಜವಾದ ಲಾಭವಾಗಿತ್ತು. ಹಟ್ಟಿ ಇನ್ನೂ ತುಂಬಿದ್ದ ಮನೆಗಳಲ್ಲಿ ಹಾಳೆ ಮಾರಿದ ಹಣ ಗೊಬ್ಬರದ ಚೀಲಕ್ಕೂ ಮೇವಿಗೂ ಹೋಗುತ್ತಿತ್ತು. ಘಟಕದ ಲೆಕ್ಕದಲ್ಲಿ ಈ ಎರಡೂ ಹಾಳೆಗಳ ದರ ಒಂದೇ.

ಈ ವಿಷಯದಲ್ಲಿ ಕ್ಯಾಂಪ್ಕೋ ಬಗ್ಗೆ ನನ್ನ ಪ್ರಬಂಧದಲ್ಲಿ ಇನ್ನೂ ಹೆಚ್ಚು ಬರೆಯಬೇಕಿತ್ತೆಂದು ಈಗ ಅನಿಸುತ್ತದೆ. ಅಡಿಕೆ ಬೆಲೆ ಕುಸಿದಿದ್ದ ಕಾಲದಲ್ಲಿ, 1973ರಲ್ಲಿ, ವಾರಣಾಸಿ ಸುಬ್ರಾಯ ಭಟ್ಟರ ಮುಂದಾಳತ್ವದಲ್ಲಿ ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಸೇರಿ ಕಟ್ಟಿದ ಈ ಸಹಕಾರಿ ಸಂಸ್ಥೆ, ಮುಂದೆ ಕೊಕ್ಕೋ ಕೊಳ್ಳುವವರಿಲ್ಲದಂತಾದಾಗ ಅದನ್ನೂ ಕೊಂಡು, 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ತೆರೆಯಿತು. ವ್ಯವಹಾರ ಮಾದರಿ ಎಂಬ ಮಾತು ನಮ್ಮ ಕಡೆ ಕಿವಿಗೆ ಬೀಳುವ ಎಷ್ಟೋ ಮೊದಲು, ಬೆಳೆದವನೇ ಒಡೆಯನಾಗಿರುವ ಮಾದರಿಯೊಂದು ಗಡಿಯ ಎರಡೂ ಬದಿಯಲ್ಲಿ ನಡೆಯುತ್ತಿತ್ತು. ಹಾಳೆಗೆ ಅಂಥ ಒಡೆತನ ಒದಗಿದ್ದನ್ನು ನನ್ನ ಐದು ಘಟಕಗಳಲ್ಲಿ ಎಲ್ಲಿಯೂ ಕಾಣಲಿಲ್ಲ.

2023ರಲ್ಲಿ ಪ್ರಬಂಧ ಸಲ್ಲಿಸಿದೆ. 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಡಿಕೆ ಗಿಡದಲ್ಲಿ ಸಹಜವಾಗಿರುವ ಆಲ್ಕಲಾಯ್ಡ್ ಎಂಬ ರಾಸಾಯನಿಕಗಳು ಆಹಾರಕ್ಕೆ ಇಳಿಯಬಹುದೆಂಬ ಕಾರಣದಿಂದ ಹಾಳೆ ತಟ್ಟೆಗಳ ಆಮದಿಗೆ ತಡೆಯೊಡ್ಡಿದಾಗ, ರಫ್ತನ್ನೇ ನೆಚ್ಚಿದ್ದ ಒಂದು ಘಟಕದ ಯಜಮಾನರು ಫೋನ್ ಮಾಡಿ, ನನ್ನ ಒಂಬತ್ತು ಚೌಕಗಳಲ್ಲಿ ಇದಕ್ಕೆ ಜಾಗ ಎಲ್ಲಿದೆಯೆಂದು ಕೇಳಿದರು. ಕೂಡಲೇ ಹೇಳಲು ಏನೂ ತೋಚಲಿಲ್ಲ.

ಸರ್ ನಿವೃತ್ತರಾಗಿ ಬಹಳ ವರ್ಷಗಳಾದವು. ಕಳೆದ ಡಿಸೆಂಬರಿನಲ್ಲಿ ಪ್ರಬಂಧದ ಪ್ರತಿಯೊಂದಿಗೆ ಅವರ ಮನೆಗೆ ಹೋದಾಗ, ಅಂಗಳದಲ್ಲಿ ಅಡಿಕೆ ಒಣಗುತ್ತಿತ್ತು. ಕನ್ನಡಕ ಹಾಕಿಕೊಂಡು ನಾಲ್ಕನೆಯ ಅಧ್ಯಾಯವನ್ನು ನಿಧಾನವಾಗಿ ತಿರುವಿ ಹಾಕಿದ ಅವರು, ಹಾಳೆಯ ಲೆಕ್ಕ ಆಯಿತು, ಅಡಿಕೆ ಸಿಪ್ಪೆಯನ್ನು ಯಾವ ಪುಟದಲ್ಲಿ ಬರೆದಿದ್ದೀಯೆಂದು ಕೇಳಿದರು.