‘ಅದು ಭಕ್ತಿಗೀತೆ ತಾನೆ?’ ಅಂತ ಕೇಳುವವರಿಗೆ

ಅರಬಿ ಕವಯಿತ್ರಿಯರನ್ನು ಅನುವಾದದಲ್ಲಿ ಓದುತ್ತೇನೆ ಅಂದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ. ‘ಮೆಕ್ಕಾ, ಜೆರುಸಲೇಮ್ ಅಂತ ಬರೆದಿರುತ್ತಾರೆ. ಅದು ಭಕ್ತಿಗೀತೆ ತಾನೆ? ಅದರಲ್ಲಿ ಅವರ ಸ್ವಂತದ್ದು ಏನಿರುತ್ತದೆ?’

ಭಕ್ತಿ ಇಲ್ಲ ಅನ್ನುವುದಿಲ್ಲ. 8ನೇ ಶತಮಾನದಲ್ಲಿ ಇರಾಕಿನ ಬಸ್ರಾದಲ್ಲಿದ್ದ ಸೂಫಿ ಸಂತೆ ರಾಬಿಯಾ ಬಗ್ಗೆ ಒಂದು ಕಥೆ ಇದೆ. ಮೆಕ್ಕಾದಲ್ಲಿ ‘ದೇವರ ಮನೆ’ ಅನ್ನಿಸಿಕೊಂಡ ಕಾಬಾ ಎದುರಾದಾಗ ಆಕೆ, ‘ಮನೆ ತಗೊಂಡು ಏನು ಮಾಡಲಿ, ನನಗೆ ಮನೆಯೊಡೆಯ ಬೇಕು’ ಅಂದರಂತೆ. ಆದರೆ ಇದ್ದ ಊರೇ ಕೈತಪ್ಪಿದವರು ಹಾಗೆ ಹೇಳಲಾರರು. ಅದಕ್ಕೇ ನನ್ನ ಉತ್ತರ ಯಾವಾಗಲೂ ಫದ್ವಾ ತೂಕಾನ್ ಅವರಿಂದ ಶುರುವಾಗುತ್ತದೆ.

ಫದ್ವಾ (1917–2003) ಪ್ಯಾಲೆಸ್ತೀನಿನ ನಾಬ್ಲುಸ್‌ನವರು. ಎರಡು ಬೆಟ್ಟಗಳ ನಡುವಿನ ಊರು. ಸ್ಥಿತಿವಂತ ಮುಸ್ಲಿಂ ಮನೆತನ. ಚಿಕ್ಕವರಿದ್ದಾಗ ಒಬ್ಬ ಹುಡುಗ ಮಲ್ಲಿಗೆ ಹೂ ಕೊಟ್ಟ. ನಡೆದದ್ದು ಅಷ್ಟೇ. ಮನೆಯವರು ಶಾಲೆ ಬಿಡಿಸಿದರು, ಹೊಸಿಲು ದಾಟಬೇಡ ಅಂದರು. ಕವಿಯಾಗಿದ್ದ ಅಣ್ಣ ಇಬ್ರಾಹಿಂ ಕವಿತೆ ಕಟ್ಟುವುದನ್ನು ಕಲಿಸಿದರು. ‘ನನ್ನ ಊರು’ ಅನ್ನುವ ಮಾತು ಆಕೆಗೆ ಸುಮ್ನೆ ಸಿಕ್ಕಿದ್ದಲ್ಲ.

1967ರ ಜೂನ್ ಯುದ್ಧದಲ್ಲಿ ನಾಬ್ಲುಸ್, ಪೂರ್ವ ಜೆರುಸಲೇಮ್ ಎರಡೂ ಇಸ್ರೇಲ್ ಸೇನೆಯ ವಶವಾದವು. ಆಮೇಲೆ ಫದ್ವಾ ಯೇಸುವಿಗೇ ಒಂದು ಕವಿತೆ ಬರೆದರು. ನಿನ್ನ ಹಬ್ಬಕ್ಕೆ ಈ ಸಲ ಗಂಟೆ ಮೊಳಗಲಿಲ್ಲ, ಎರಡು ಸಾವಿರ ವರ್ಷದಲ್ಲಿ ಹೀಗಾಗಿರಲಿಲ್ಲ ಅನ್ನುತ್ತಾರೆ. ಶಿಲುಬೆ ಹೊತ್ತು ಯೇಸು ನಡೆದ ದಾರಿಯಲ್ಲಿ ಈಗ ಜೆರುಸಲೇಮ್ ಊರೇ ಚಾಟಿಯೇಟು ತಿನ್ನುತ್ತಿದೆ. ಬರೆದವರು ಮುಸ್ಲಿಂ ಹೆಣ್ಣುಮಗಳು, ನಿಂತುಹೋದದ್ದು ಚರ್ಚಿನ ಗಂಟೆ. ಆ ಗಂಟೆ ಬೇರೆಯವರದ್ದು ಅಂತ ಆಕೆಗೆ ಅನ್ನಿಸಿಯೇ ಇಲ್ಲ ನೋಡಿ. ಊರಿನ ಸದ್ದು ಅಂದರೆ ತನ್ನದೇ ಸದ್ದು.

ಇನ್ನೊಂದು ಕವಿತೆಯಲ್ಲಿ ಗುಡಿ, ಮಸೀದಿ, ಚರ್ಚು ಯಾವುದೂ ಇಲ್ಲ. ನನಗೆ ಜಾಸ್ತಿ ಹತ್ತಿರವಾದದ್ದು ಅದೇ. ಯಾಫಾ ಕಡಲತೀರದ ಊರು, 1948ರಲ್ಲೇ ಇಸ್ರೇಲ್ ಪಾಲಾಗಿತ್ತು. ಆಗಿನಿಂದ 19 ವರ್ಷ ಮುಚ್ಚಿದ್ದ ದಾರಿ 1967ರ ಯುದ್ಧದ ನಂತರ ತೆರೆದಾಗ ಫದ್ವಾ ಅಲ್ಲಿಗೆ ಹೋದರು. ಕವಿತೆ ಅಲ್ಲಿಂದಲೇ ಶುರು: ಯಾಫಾದ ಬಾಗಿಲು, ಕುಸಿದ ಮನೆಗಳು, ಮಣ್ಣಿನ ರಾಶಿ, ಮುಳ್ಳು. ಅಲ್ಲಿ ನಿಂತು ತನ್ನ ಕಣ್ಣುಗಳಿಗೆ ‘ಕಿಫಾ ನಬ್ಕಿ’ ಅನ್ನುತ್ತಾರೆ. ‘ನಿಲ್ಲಿ, ಅಳೋಣ’ ಅಂತ.

ಅರಬಿ ಓದಿದವರಿಗೆಲ್ಲ ಗೊತ್ತಿರುವ ಮಾತು ಇದು. ಇಸ್ಲಾಮಿಗೂ ಮುಂಚೆ, 6ನೇ ಶತಮಾನದ ಇಮ್ರುಲ್ ಕೈಸ್ ತನ್ನ ಪ್ರಿಯತಮೆಯ ಬೀಡು ಇದ್ದ ಜಾಗದಲ್ಲಿ ನಿಂತು ಹೀಗೆ ಹಾಡಿದ್ದ. ಹಾಳುಬಿದ್ದ ಬೀಡಿನ ಮುಂದೆ ನಿಂತು ಅಳುವುದು ಹಳೆಯ ಅರಬಿ ಕಾವ್ಯದಲ್ಲಿ ಹೆಚ್ಚುಕಡಿಮೆ ಒಂದು ಪೂಜೆಯ ಹಾಗೆ. ಸಂಸ್ಕೃತದ ಹಾಗೆ ಅರಬಿಯಲ್ಲೂ ದ್ವಿವಚನ ಇದೆ. ‘ಕಿಫಾ’ ಅಂದರೆ ‘ನೀವಿಬ್ಬರೂ ನಿಲ್ಲಿ’. ಅದನ್ನು ಇಮ್ರುಲ್ ಕೈಸ್ ಜೊತೆಗಾರರಿಬ್ಬರಿಗೆ ಹೇಳಿದ ಮಾತು ಅಂತ ಓದುತ್ತಾರೆ. ಹೊಸಿಲು ದಾಟಬಾರದು ಅನ್ನಿಸಿಕೊಂಡು ಬೆಳೆದ ಹುಡುಗಿಗೆ ಅಂಥ ಜೊತೆಗಾರರು ಎಲ್ಲಿಂದ ಬರಬೇಕು? ಆಕೆಗಿದ್ದ ಇಬ್ಬರು ಅಂದರೆ ಎರಡು ಕಣ್ಣು. ಈ ಸಾಲಿಗೆ ಬಂದಾಗೆಲ್ಲ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತೇನೆ.

ಆ ಮುರಿದ ಗೋಡೆಗಳನ್ನು ಪವಿತ್ರ ಅಂತ ಯಾವ ಧರ್ಮವೂ ಹೇಳಿರಲಿಲ್ಲ. ತಮ್ಮ ಭಾಷೆಯ ಅತಿ ಹಳೆಯ ಮಾತನ್ನು ಅಲ್ಲಿ ಹೇಳಿ ಪವಿತ್ರ ಮಾಡಿದವರು ಫದ್ವಾ. ಇದಕ್ಕಿಂತ ಸ್ವಂತದ್ದು ಇನ್ನೇನು ಬೇಕು?

ಕವಿತೆ ಆ ಅಳುವಿಗೇ ನಿಲ್ಲುವುದಿಲ್ಲ. ಆ ನೆಲದಲ್ಲೇ ಉಳಿದು ಬರೆಯುತ್ತಿದ್ದ ಕವಿಗಳಿಗೆ ಅದನ್ನು ಅರ್ಪಿಸಿದ್ದಾರೆ. ಅವರೆದುರು ಹೋಗುವ ಮುಂಚೆ ರೆಪ್ಪೆಗೆ ಕವಿದ ಕಣ್ಣೀರಿನ ಬೂದು ಮಂಜನ್ನು ಒರೆಸಿಕೊಳ್ಳುತ್ತಾರೆ. ಕವಿತೆಯ ಹೆಸರು ‘ಅಳುವುದಿಲ್ಲ’.